ಬಾವಿ ಮುಚ್ಚುವ ನೋಟೀಸು

೧೯೬೪ರ ಬೇಸಿಗೆ. ನನಗಾಗ ಹದಿನೆಂಟು ವರ್ಷ. ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವಿನ ಪುಟ್ಟ ಪೇಟೆ ನಮ್ಮದು. ಅಪ್ಪ ಅಲ್ಲಿನ ಪಂಚಾಯ್ತಿ ಆಫೀಸಿನಲ್ಲಿ ಜವಾನರಾಗಿದ್ದರು.

ಒಂದು ಮಧ್ಯಾಹ್ನ ಅವರಿಗೆ ಊಟ ಕೊಡಲು ಹೋದವಳು, ಒಳಗಿನ ಹಲಗೆಯ ಮೇಲಿದ್ದ ನೋಟೀಸು ಓದಿ ಅಲ್ಲೇ ನಿಂತುಬಿಟ್ಟೆ. ಲಾರಿ ನಿಲ್ಲಿಸಲು ಜಾಗ ಬೇಕೆಂದು ನಮ್ಮ ಕೇರಿಯ ಬಾವಿ ಮುಚ್ಚುತ್ತಾರಂತೆ. ತಕರಾರಿದ್ದವರು ಶನಿವಾರದ ಸಭೆಗೆ ಬಂದು ಹೇಳಬಹುದಂತೆ. ಬೆಳಿಗ್ಗೆ ಅದನ್ನು ಅಂಟಿಸಿದವರು ಅಪ್ಪನೇ. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದಾಗ ತುತ್ತು ಅವರ ಕೈಯಲ್ಲೇ ಉಳಿಯಿತು. ಇಪ್ಪತ್ತು ಮನೆಗೆ ಇದ್ದದ್ದು ಅದೊಂದೇ ಬಾವಿ.

ನೋಟೀಸನ್ನು ಹಾಗೇ ಬರೆದುಕೊಂಡು ಬಂದು, ಸಂಜೆ ನೀರಿಗೆ ಬಂದ ಹೆಂಗಸರಿಗೆಲ್ಲ ಓದಿದೆ. ಪಕ್ಕದ ಮನೆಯ ಗಣಪಮ್ಮ ಕೊಡ ಕೆಳಗಿಟ್ಟು, ಶನಿವಾರ ಎಲ್ಲರೂ ಹೋಗುವುದೇ ಎಂದರು. ನನಗೆ ಮಾತ್ರ ಅಪ್ಪನ ಕೆಲಸ ಹೋದೀತೆಂಬ ಹೆದರಿಕೆ. ಹೋಗಲೋ ಬೇಡವೋ ಎಂದು ಮನೆಯಲ್ಲಿ ಕೇಳಿದೆ. ಅಪ್ಪ, "ಬನ್ನಿ ಅಂತ ಅವ್ರೇ ಬರ್ದಿದಾರಲ್ಲ, ಹೋಗು. ನನ್ನ ಮುಖ ನೋಡ್ಬೇಡ, ಅಧ್ಯಕ್ಷರ ಮುಖ ನೋಡಿ ಮಾತಾಡು" ಎಂದರು.

ಶನಿವಾರ ಹದಿನಾಲ್ಕು ಹೆಂಗಸರು ಹೋಗಿ ಸಭೆಯ ಬಾಗಿಲಲ್ಲಿ ನಿಂತೆವು. ಸದಸ್ಯರೊಬ್ಬರು, ಗಂಡಸರನ್ನು ಕಳಿಸಿ ಎಂದರು. ಗಣಪಮ್ಮ ಅಳುಕಲಿಲ್ಲ. "ನೀರು ಸೇದೋರು ನಾವು. ಅವ್ರಿಗೆಂತ ಗೊತ್ತು?" ಎಂದರು. ಅಧ್ಯಕ್ಷರು ನಕ್ಕು ಒಳಗೆ ಕರೆದರು.

ನೋಟೀಸನ್ನು ಗಟ್ಟಿಯಾಗಿ ಓದಿದೆ. ಆಚೆ ಕೇರಿಗಳ ಬಾವಿ ಬತ್ತಿ, ಅವರೂ ಈಗ ನಮ್ಮಲ್ಲಿಗೇ ಬರುತ್ತಾರೆಂದು ಹೇಳಿದೆ. ಆಮೇಲೆ, "ಇಲ್ಲಿರೋರಲ್ಲಿ ಈ ಬಾವಿ ನೋಡಿದೋರು ಯಾರು ಸಾರ್?" ಎಂದು ಕೇಳಿದೆ. ಟೀ ತಟ್ಟೆ ಹಿಡಿದು ಮೂಲೆಯಲ್ಲಿದ್ದ ಅಪ್ಪ ನೆಟ್ಟಗೆ ನಿಂತಿದ್ದರು.

ಅಧ್ಯಕ್ಷರು ಸಭೆಯನ್ನು ಅಲ್ಲಿಗೇ ನಿಲ್ಲಿಸಿ, ಸದಸ್ಯರನ್ನೆಲ್ಲ ಕರೆದುಕೊಂಡು ಬಿಸಿಲಲ್ಲೇ ನಮ್ಮ ಕೇರಿಗೆ ನಡೆದು ಬಂದರು. ಬಾವಿಗೆ ಬಗ್ಗಿ ನೋಡಿದರು. ಗಣಪಮ್ಮ ಸೇದಿ ಕೊಟ್ಟ ನೀರು ಕುಡಿದರು. "ನೋಡ್ದೇ ಸಹಿ ಹಾಕಿದ್ದು ನನ್ನ ತಪ್ಪು" ಎಂದು ಎಲ್ಲರೆದುರೇ ಹೇಳಿದರು. ಲಾರಿಗಳಿಗೆ ಸಂತೆ ಮೈದಾನದ ಹಿಂದೆ ಜಾಗವಾಯಿತು. ನೋಟೀಸಿನ ಹಲಗೆ ಎಲ್ಲರಿಗೂ ಕಾಣಲೆಂದು ಆಫೀಸಿನ ಹೊರಗೋಡೆಗೆ ಬಂತು. ಅಪ್ಪನ ಕೆಲಸಕ್ಕೆ ಏನೂ ಆಗಲಿಲ್ಲ.

ಮುಂದೆ ಮದುವೆಯಾಗಿ ಸಾಗರಕ್ಕೆ ಬಂದೆ. ರೇಷನ್ ಕಾರ್ಡಿಗೆ, ಮಕ್ಕಳ ಶಾಲೆಗೆ, ರಸ್ತೆಯ ದೀಪಕ್ಕೆ ಎಂದು ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿದ್ದೇನೆ. ಯಾವ ಸಾಹೇಬರ ಮುಂದೆಯೂ ನನ್ನ ಮಾತು ತಡವರಿಸಿಲ್ಲ. ಕೇಳುವುದು ನಮ್ಮ ಹಕ್ಕು, ಉತ್ತರ ಹೇಳುವುದು ಅವರ ಕೆಲಸ ಎಂಬುದು ನನಗೆ ಆ ಶನಿವಾರವೇ ಗೊತ್ತಾಗಿಹೋಗಿತ್ತು.