ಒಂದೇ ಸಲ ಕೇಳುವ ಮನೆ

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ನಮ್ಮ ಬಡಾವಣೆಯಲ್ಲಿ ನೀಲಮ್ಮನ ಮನೆಯಿಂದ ಅರೆಹೊಟ್ಟೆಯಲ್ಲಿ ವಾಪಸು ಬಂದವರಿಲ್ಲ. ಧಾರವಾಡದವಳು. ನಾವು "ಸಾಕು" ಅಂದಮೇಲೇ ಅವಳ ಬಡಿಸುವಿಕೆ ಶುರುವಾಗುವುದು. ಮೈಸೂರಿನವಳಾದ ನಾನು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಸುರಿಯುತ್ತಾಳೆ. ಬೈದು ಬೈದು ಸಾಕಾಗಿ ಬೈಯುವುದನ್ನೇ ಬಿಟ್ಟಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅವಳ ಮಗಳು ಶಿವಾನಿಗೆ ಫ್ರಾನ್ಸಿನ ಲಿಯೋನ್ ಊರಿನ ಹುಡುಗನ ಜೊತೆ ಮದುವೆ ಗೊತ್ತಾಯಿತು. ಇನ್ನು ಅವಳ ಸಂಸಾರ ಅಲ್ಲೇ. ಬೀಗರನ್ನು ನೋಡಲು ತಾಯಿ ಮಗಳು ಹೊರಟರು. ವಿಮಾನದಲ್ಲಿ ಶಿವಾನಿಯದು ಒಂದೇ ಸಮ ಪಾಠವಂತೆ: ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಅನ್ನಬೇಕು, ಊಟಕ್ಕೆ ಕರೆದ ಹೊತ್ತಿಗಿಂತ ತುಸು ತಡವಾಗಿ ಹೋಗಬೇಕು, ಕೆನ್ನೆಗೆ ಕೆನ್ನೆ ತಾಗಿಸಲು ಬಂದರೆ ಹಿಂದೆ ಸರಿಯಬಾರದು. ನೀಲಮ್ಮ ಹೂಂಗುಟ್ಟಿದಳು. ಅವಳಿಗಿದ್ದ ಚಿಂತೆಯೇ ಬೇರೆ. ಆ ಮನೆಯವರು ನನ್ನ ಮಗಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರಾ?

ಭಾನುವಾರ ಮಧ್ಯಾಹ್ನ ಬೀಗರಲ್ಲಿ ಊಟ. ಬೀಗಿತಿ ಸೊಲಾಂಜ್, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಪಾತ್ರೆ ಹಿಡಿದು ಇನ್ನಷ್ಟು ಬೇಕೇ ಎಂದು ಕೇಳಿದರು. ನೀಲಮ್ಮ ನಮ್ಮ ಪದ್ಧತಿಯಂತೆ ಬೇಡ ಬೇಡ ಎಂದು ಕೈ ಅಲ್ಲಾಡಿಸಿದಳು. ಪಾತ್ರೆ ಮುಂದೆ ಹೋಯಿತು, ಮತ್ತೆ ಬರಲಿಲ್ಲ. ಹೋಟೆಲಿಗೆ ಬಂದವಳೇ ಮಗಳ ಮೇಲೆ ಹರಿಹಾಯ್ದಳು.

"ಒಂದ್ ಸಲ ಕೇಳಿ ಬಿಟ್ಟ್ರಲ್ಲ, ಇದೆಂಥಾ ಮನಿ? ನಾಳೆ ನಿನ್ನ ಹಸಿವು ಯಾರು ಕೇಳ್ತಾರ?"

ಶಿವಾನಿ ಇಂಗ್ಲಿಷಿನಲ್ಲೇ ಸಮಾಧಾನ ಮಾಡಿದಳು. ಅವರು ನಿನ್ನ ಮಾತು ನಂಬಿದರು ಅಷ್ಟೇ, ಬೇಡ ಅಂದವರನ್ನು ಒತ್ತಾಯಿಸುವುದು ಅವರಿಗೆ ಸರಿ ಕಾಣದು, ಬೇಕಿದ್ದರೆ ಬೇಕು ಅಂದುಬಿಡು ಎಂದಳು.

ಮರುದಿನ ಮತ್ತೆ ಅಲ್ಲೇ ಊಟ. ಸೊಲಾಂಜ್ ಕೇಳಿದ ಕೂಡಲೇ ನೀಲಮ್ಮ ನಾಚಿಕೆ ನುಂಗಿಕೊಂಡು ತಟ್ಟೆ ಮುಂದೆ ಒಡ್ಡಿದಳು. ಬೀಗಿತಿಯ ಮುಖ ಅರಳಿತು. ಬಂದ ಧೈರ್ಯ ಹೋಗುವ ಮೊದಲೇ ನೀಲಮ್ಮ ಕೇಳಿಯೇಬಿಟ್ಟಳು: "ನನ್ನ ಮಗಳನ್ನ ಛಲೋ ನೋಡ್ಕೋತೀರೇನ್ರಿ?"

ಶಿವಾನಿ ಮುಖ ಕೆಂಪಗೆ ಮಾಡಿಕೊಂಡು ಅದನ್ನು ಫ್ರೆಂಚಿನಲ್ಲಿ ಹೇಳಿದಳು. ಸೊಲಾಂಜ್ ಪಾತ್ರೆ ಕೆಳಗಿಟ್ಟು, ನೀಲಮ್ಮನನ್ನೇ ನೋಡಿ, ಹೌದು ಎಂದರು.

ಅಮೆರಿಕಕ್ಕೆ ವಾಪಸು ಬಂದು ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿ ಕಂಡು ನನಗೂ ಸಂತೋಷವಾಯಿತು. ಆದರೂ ಸುಮ್ಮನಿರಲಾಗಲಿಲ್ಲ.

"ಹೆಣ್ಣು ಕೊಡೋ ವಿಷಯ, ಇನ್ನೊಂದ್ಸಲ ಕೇಳಿ ಗಟ್ಟಿ ಮಾಡ್ಕೋಬಾರದಿತ್ತೇನೇ?" ಎಂದೆ.

"ಯಾಕ ಕೇಳ್ಲಿ? ಆ ಮನ್ಯಾಗ ಹೌದು ಅಂದ್ರ ಹೌದು."