ಒಲೆಯ ಮೇಲೆ ಒಣಗದ ಉತ್ತರೀಯ

೧೯೬೪ ಜುಲೈ ೧೬, ಗುರುವಾರ. ಬೆಳಿಗ್ಗೆ ಆರೂವರೆಗೆ ಪತ್ರಿಕೆಗೆ ಈ ಕಾಗದ ಬರೆಯಲು ಕೂತೆ. ಗೂಡಲೂರಿನಲ್ಲಿ ರಾತ್ರಿಯಿಡೀ ಮಳೆ. ಇಂದು ಕಾರ್ಮೆಲ್ ಮಾತೆಯ ಹಬ್ಬ, ನಮಗೆ ಉತ್ತರೀಯ ಕೊಟ್ಟ ಯೇಸುವಿನ ತಾಯಿಯ ಹಬ್ಬ. ಅವ್ವ ಚರ್ಚಿಗೆ ಬರುವುದಿಲ್ಲ ಎಂದಳು.

ನಮ್ಮ ಕಥೋಲಿಕರ ಉತ್ತರೀಯವೆಂದರೆ ಹೆಗಲ ಮೇಲಿನ ಶಾಲಲ್ಲ. ದಾರಕ್ಕೆ ಹೊಲಿದ ಕಂದು ಉಣ್ಣೆಯ ಎರಡು ಚಿಕ್ಕ ತುಂಡು. ಒಂದು ಎದೆಗೆ, ಒಂದು ಬೆನ್ನಿಗೆ. ನೂರಾರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಬ್ಬ ಸನ್ಯಾಸಿ ಸಂತರಿಗೆ ಮಾತೆ ಕಾಣಿಸಿಕೊಂಡು, ಇದನ್ನು ಧರಿಸಿ ಸತ್ತವರು ನರಕದ ಬೆಂಕಿ ಕಾಣರು ಎಂದಳಂತೆ. ಮೈಸೂರು ಕಡೆಯಿಂದ ಬಂದು ಇಲ್ಲಿ ಅಂಗಡಿ ಇಟ್ಟ ನಮ್ಮ ಮನೆಯಲ್ಲಿ ಆ ಸಂತರ ಪಟಕ್ಕೆ ದಿನವೂ ದೀಪ. ಸ್ನಾನದಲ್ಲೂ ಉತ್ತರೀಯ ತೆಗೆಯುತ್ತಿರಲಿಲ್ಲ; ನೆನೆಯದಂತೆ ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದೆವು.

ಹೋದ ವರ್ಷ ಜುಲೈ ೯, ಮಂಗಳವಾರ. ಅಕ್ಕನಿಗೆ ಜ್ವರ ಹತ್ತಿ ಐದನೇ ದಿನ. ಬೆವರಿಗೆ ತೊಯ್ದ ಉಣ್ಣೆ ಎದೆಗೆ ತಣ್ಣಗೆ ಅಂಟಿ ಅವಳು ನಡುಗುತ್ತಿದ್ದಳು. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲೆ ಅಡ್ಡ ಕಟ್ಟಿದ ಬಿದಿರಿನಲ್ಲಿ. ಅವ್ವ ಉತ್ತರೀಯ ಬಿಚ್ಚಿ ಅಲ್ಲಿಗೇ ಹಾಕಿದಳು.

“ಹೊಗೆ ಹತ್ತಿದ್ರೆ ಸಂತರು ಸೀನ್ತಾರೆ ಅವ್ವ,” ಅಂದಳು ಅಕ್ಕ.

“ಸೀನಲಿ. ನೀನು ಬಾಯಿ ಮುಚ್ಕೊಂಡು ಗಂಜಿ ಕುಡಿ.”

“ಬಾಯಿ ಮುಚ್ಕೊಂಡು ಹೆಂಗೆ ಕುಡೀಲಿ?”

ನನ್ನ ಡೈರಿಯಲ್ಲಿದೆ: ಹತ್ತು ಗಂಟೆಗೆ ಜ್ವರ ೧೦೩, ಗಂಜಿ ಎರಡು ಗುಟುಕು. ಮಧ್ಯಾಹ್ನ ಮೂರಕ್ಕೆ ಉಸಿರು ನಿಂತಿತು. ಉಣ್ಣೆ ಇನ್ನೂ ಹಸಿ. ಅವ್ವ ಅದನ್ನೇ ತಂದು ಅಕ್ಕನ ಕೊರಳಿಗೆ ಹಾಕಿದಳು. ಮೈ ತೊಳೆಯಲು ಬಂದ ಪಕ್ಕದ ಮನೆಯ ಮುದುಕಿ, “ಈಗ ಹಾಕಿ ಏನು ಬಂತು ತಾಯಿ, ಜೀವ ಇದ್ದಾಗ ಇರಬೇಕಿತ್ತು,” ಅಂದಳು. ಕೆಟ್ಟ ಮನಸ್ಸಿನಿಂದಲ್ಲ, ಹಾಗೇ ನಂಬಿದವಳು.

ಮಣ್ಣು ಮಾಡಿದ ಮೇಲೆ ಅವ್ವ ಇದನ್ನೇ ಚರ್ಚಿನ ಸ್ವಾಮಿಗಳ ಹತ್ತಿರ ಕೇಳಿದಳು. “ದೇವರು ಕೊರಳು ತಡವಿ ಒಳಗೆ ಬಿಡೋ ಕಾವಲುಗಾರ ಅಲ್ಲಮ್ಮ. ನಿನ್ನ ಮಗಳ ನಂಬಿಕೆ ಅವನಿಗೆ ಗೊತ್ತು,” ಅಂದರು. ಅವ್ವ ತಲೆಯಾಡಿಸಿದಳು. ಮನೆಗೆ ಬಂದವಳೇ ತನ್ನ ಉತ್ತರೀಯವನ್ನೂ ಬಿಚ್ಚಿ ಮೊಳೆಗೆ ನೇತುಹಾಕಿದಳು.

ಇಂದು ಬೆಳಿಗ್ಗೆ ಅದನ್ನು ತೆಗೆದು ಅವಳ ಮುಂದೆ ಹಿಡಿದೆ. “ಹಬ್ಬ ಅವ್ವ, ಹಾಕ್ಕೋ.”

“ಬೇಡ ಮಗ. ಅವಳು ಎಲ್ಲಿಗೆ ಹೋದಳೋ ನಾನೂ ಅಲ್ಲಿಗೇ ಹೋಗಬೇಕು. ಒಬ್ಬಳನ್ನೇ ಬಿಡೋಕಾಗಲ್ಲ.”

ಆ ಸಂತರಿಗೆ ಮಾತೆ ಕೊಟ್ಟ ಮಾತು ನಿಜಕ್ಕೂ ಏನಿತ್ತು, ಉತ್ತರೀಯ ಒಣಗಲು ಹಾಕಿದ್ದ ಹೊತ್ತಿನಲ್ಲಿ ಸತ್ತವರ ಬಗ್ಗೆ ಹಿರಿಯರು ಏನಾದರೂ ಹೇಳಿದ್ದಾರೆಯೇ, ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕನ್ನಡದಲ್ಲೇ ಬರೆಯಿರಿ, ಅವ್ವನಿಗೆ ಓದಿ ಹೇಳಬೇಕು.