ಅಜ್ಜಿ ಕಂಡ ತೀರ್ಥ

ನಿನ್ನೆ ಮಗಳು ಪೇಟೆಯಿಂದ ಒಂದು ಕರಪತ್ರ ತಂದಳು. ವಿಜ್ಞಾನ ಹಬ್ಬ, ಪ್ರವೇಶ ಉಚಿತ, ಮನೆಮಂದಿಯೆಲ್ಲ ಬನ್ನಿ. “ಹೋಗುವನಾ ಅಮ್ಮ? ನೀನು ಸೈನ್ಸ್ ಟೀಚರ್ ಆಗಿದ್ದವಳಲ್ವಾ” ಎಂದಳು. ನಾನು ಕರಪತ್ರವನ್ನು ಮಡಚಿಟ್ಟೆ. ಅಂಥದ್ದೇ ಒಂದು ಹಬ್ಬದಲ್ಲಿ ನಾನು ಮಾಡಿದ ಘನಕಾರ್ಯವನ್ನು ನಿಮಗಾದರೂ ಹೇಳಿಬಿಡುತ್ತೇನೆ, ಕೇಳಿ.

ಆಗ ಕೊಡಗೇ ಒಂದು ರಾಜ್ಯ. ಮಂತ್ರಿಗಳು ಇಬ್ಬರೇ, ನಮ್ಮ ರಾಜ್ಯ ಮನೆಯಂಗಳದಷ್ಟು ಎಂದು ಅಪ್ಪ ನಗುತ್ತಿದ್ದರು. ವಿರಾಜಪೇಟೆಯ ಶಾಲೆಯೊಂದರಲ್ಲಿ ಎರಡು ದಿನ ವಿಜ್ಞಾನದ ಪ್ರದರ್ಶನ, ಭಾಷಣ. ಡಾಕ್ಟರೊಬ್ಬರು ಸೂಕ್ಷ್ಮದರ್ಶಕ ತರುತ್ತಾರೆ, ಪ್ರತಿ ಮನೆಯವರೂ ತಮ್ಮ ನೀರು ತಂದು ನೋಡಬಹುದು ಎಂದು ಸಾರಿದ್ದರು. ಉಳಿದವರೆಲ್ಲ ಬಾವಿ ನೀರು ತಂದರು. ನಾನೋ ಹನ್ನೊಂದು ವರ್ಷದ ಮಹಾ ಜಾಣೆ! ನಮ್ಮ ಮನೆಯ ನೀರೇ ಎಲ್ಲಕ್ಕಿಂತ ಶುದ್ಧ ಎನಿಸಿಕೊಳ್ಳಬೇಕೆಂಬ ಹಟ. ದೇವರ ಕೋಣೆಯ ತೀರ್ಥವನ್ನೇ ಒಯ್ಯೋಣವೆಂದು ಅಜ್ಜಿಯ ಬೆನ್ನುಹತ್ತಿದೆ.

ತುಲಾ ಸಂಕ್ರಮಣದಂದು ತಲಕಾವೇರಿಯಿಂದ ತಂದು, ಸೀಸೆಯಲ್ಲಿ ವರ್ಷವಿಡೀ ಕಾಪಾಡುವ ನೀರು ಅದು. ಪ್ರಾಣ ಹೋಗುವವರ ಬಾಯಿಗೆ ಅದರ ಹನಿ ಬಿಡದೆ ನಮ್ಮಲ್ಲಿ ಯಾರನ್ನೂ ಕಳಿಸುವುದಿಲ್ಲ. ಅಜ್ಜಿ ತನ್ನ ಗಂಡನಿಗೂ ಇಬ್ಬರು ಮಕ್ಕಳಿಗೂ ತನ್ನ ಕೈಯಿಂದಲೇ ಬಿಟ್ಟವಳು. ತನಗೂ ಅದು ಸಿಗಬೇಕು, ಅವಳಿಗಿದ್ದ ಆಸೆ ಅದೊಂದೇ. ಆದರೂ ಮೊಮ್ಮಗಳ ಮಾತು ತೆಗೆದುಹಾಕದೆ, ಮಿಂದು, ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ನಡೆದು ಬಂದಳು.

ಡಾಕ್ಟರು ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, “ನೋಡಿ ಅಜ್ಜಿ” ಎಂದರು. ಅಜ್ಜಿ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ, ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆಮೇಲೆ ನಾನು ನೋಡಿದೆ. ಅಕ್ಕಿನುಚ್ಚಿನಂಥ ಜೀವಗಳು ಮೈ ಹೊರಳಿಸಿ ಈಜುತ್ತಿದ್ದವು. ನಾಚಿಕೆಯಿಂದ ಕುಗ್ಗಿಹೋದೆ. ಅಜ್ಜಿ ಡಾಕ್ಟರಿಗೆ ಕೈ ಮುಗಿದು, ಸೀಸೆ ಎತ್ತಿಕೊಂಡು ಮನೆಗೆ ಬಂದಳು.

ಮರುವರ್ಷ ಅಜ್ಜಿ ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಮೇಲುಸಿರು ಹತ್ತಿತು. ಅಪ್ಪ ಚಮಚದಲ್ಲಿ ತೀರ್ಥ ಹಿಡಿದು ಬಗ್ಗಿದರೆ ಅಜ್ಜಿ ಮುಖ ತಿರುಗಿಸಿದಳು.

“ಬೊತ್ತು ಮಗಾ” ಎಂದಳು ತನ್ನ ಮನೆಮಾತಾದ ಅರೆಭಾಷೆಯಲ್ಲಿ. “ಅದರ್ಲಿ ಜೀವ ಉಟ್ಟು. ನಾ ಹೋಕನ ಅವ್ಕೆ ಯಾಕೆ ಕಷ್ಟ?”

ಅದರಲ್ಲಿ ಜೀವಗಳಿವೆ, ತಾನು ಹೋಗುವಾಗ ಅವಕ್ಕೇಕೆ ಕಷ್ಟ ಎಂದು. ಬೇಡವೆಂದರೆ ಬೇಡ. ಅಪ್ಪ ಎಷ್ಟು ಅಂಗಲಾಚಿದರೂ ಬಾಯಿ ತೆರೆಯಲಿಲ್ಲ. ಒಣ ತುಟಿಯಲ್ಲೇ ಹೋದಳು. ಅಪ್ಪ ನನ್ನನ್ನು ಬೈಯಲಿಲ್ಲ, ಒಮ್ಮೆ ನೋಡಿದರು, ಅಷ್ಟೆ. ಅಯ್ಯೋ, ನಾಲ್ಕು ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ದೊಡ್ಡವಳಾಗಿ ಮೂವತ್ತು ವರ್ಷ ಪಾಠ ಹೇಳಿದೆ. ನೀರು ಕುದಿಸಿ ಕುಡಿಯಿರಿ ಎಂದು ಗಂಟಲು ಹರಿದುಕೊಂಡೆ. ಮಕ್ಕಳು ಸೂಕ್ಷ್ಮದರ್ಶಕಕ್ಕೆ ಬಗ್ಗಿದಾಗಲೆಲ್ಲ ಅಜ್ಜಿಯ ಬಾಗಿದ ಬೆನ್ನೇ ಕಾಣುತ್ತಿತ್ತು.

“ಹಬ್ಬಕ್ಕೆ ಹೋಗುವ” ಎಂದೆ ಮಗಳಿಗೆ ಕೊನೆಗೆ. “ಆದ್ರೆ ಒಂದು ಮಾತು. ನನ್ನ ಕಾಲ ಬಂದಾಗ ಬಾಯಿಗೆ ತೀರ್ಥ ಬಿಡ್ಲಿಕ್ಕೆ ಮರೀಬೇಡ.”

ಮಗಳು ಬೆರಗಾದಳು. “ನೀನಾ ಅಮ್ಮ ಹೀಗೆ ಹೇಳೋದು? ಅದ್ರಲ್ಲಿ ಏನೆಲ್ಲ ಇರ್ತದೆ ಅಂತ ನೀನೇ ಅಲ್ವಾ ಹೇಳಿಕೊಟ್ಟದ್ದು?”

“ಗೊತ್ತು ಮಗಳೇ” ಎಂದೆ. “ಆದ್ರೆ ಅದಿಲ್ಲದೆ ಹೋಗ್ಲಿಕ್ಕೆ ನಂಗೆ ಹೆದರಿಕೆ ಆಗ್ತದೆ. ನನ್ನಜ್ಜಿಗೆ ಆಗಿರ್ಲಿಲ್ಲ.”